ಎಣ್ಣೆ ಬೀಳದ ಸಾಲು

"ನಿಮ್ಮ ಎಣ್ಣೆಗೂ ಬಾವಿ ನೀರಿಗೂ ಏನ್ರೀ ವ್ಯತ್ಯಾಸ?" ಎಂದು ಕೇಳಿಯೇಬಿಟ್ಟೆ.

ಸಂಶೋಧನಾ ಕೇಂದ್ರದವನು ನನ್ನ ಸೀಬೆ ತೋಟದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಹಣ್ಣುನೊಣ ಕಾಯಿಗೆ ಚುಚ್ಚಿ ಮೊಟ್ಟೆಯಿಟ್ಟರೆ ಒಳಗೆಲ್ಲ ಹುಳ. ಅದಕ್ಕೆಂದು ವಿಷ ಹೊಡೆಯಲು ನಾನು ಒಪ್ಪುವವಳಲ್ಲ. ಹಣ್ಣನ್ನು ಮರದಿಂದ ಕಿತ್ತು ಹಾಗೇ ಕಚ್ಚುವವಳು. ಇವನು ಎಲೆ, ಬೀಜಗಳಿಂದ ಎಣ್ಣೆ ಇಳಿಸಿ ತಂದಿದ್ದ. ಆ ವಾಸನೆಗೆ ನೊಣ ಹಣ್ಣಿನ ಮೇಲೆ ಕೂರುವುದಿಲ್ಲವಂತೆ. ತೋಟದ ಆ ತುದಿಯ ಸಾಲಿಗೆ ಹೊಡೆಯುವುದು, ನಮ್ಮ ಬಾಗಿಲ ಮುಂದಿನ ಸಾಲನ್ನು ಬರಿದೇ ಬಿಡುವುದು ಎಂದು ಮಾತಾಗಿತ್ತು. ಬಿಟ್ಟದ್ದು ಕೆಟ್ಟರೆ ತಾನೇ ಎಣ್ಣೆಯ ಗುಣ ತಿಳಿಯುವುದು?

ಈಗ ಕೊಯ್ದು ನೋಡಿದರೆ ಎರಡೂ ಒಂದೇ. ಎರಡರಲ್ಲೂ ಹುಳವಿಲ್ಲ.

"ನಿಮ್ಮದೇನೂ ಹೆಚ್ಚುಗಾರಿಕೆ ಇಲ್ಲ. ಈ ಸಲ ನೊಣಾನೇ ಕಡಿಮೆ, ಅಷ್ಟೇ. ಮಾತಾಡ್ರೀ!"

"ಪ್ರಯೋಗ ಕೆಟ್ಟಿತು ಅಂತ ಹೇಳ್ತೀನಿ. ಕೇಂದ್ರದವರು ಈ ಕೆಲಸಾನೇ ನಿಲ್ಲಿಸ್ತಾರೆ. ನಾನಿನ್ನು ಈ ಕಡೆ ಬರಲ್ಲ."

ಬರಲ್ಲ ಎಂದದ್ದು ಎದೆಗೆ ಚುರುಕ್ಕೆಂದಿತು. ಅರ್ಧ ನರೆತ ತಲೆ, ಹಣ್ಣನ್ನು ತೋಳಿಗೆ ಒರೆಸಿ ನನ್ನತ್ತ ಚಾಚುವಾಗ ಕಣ್ಣಂಚಿನಲ್ಲೇ ನಗುವ ರೀತಿ, ಯಾವಾಗ ಇಷ್ಟೆಲ್ಲ ಅಭ್ಯಾಸವಾಯಿತೋ! "ಮರ ನೋಡೋಕೆ ಬರ್ತಾನೋ, ಮರದ ಒಡತೀನೋ?" ಎಂದು ಅತ್ತಿಗೆ ಕೆಣಕಿದಾಗಲೆಲ್ಲ ಅವಳ ಮೇಲೆ ರೇಗಿದ್ದೆ.

ಸಿಟ್ಟಿಗೆ ಬಾಗಿಲ ಮುಂದಿನ ಮರದ ಎಲೆ ಕಿತ್ತು ಹಿಸುಕಿದೆ. ಘಮ್ಮೆಂದು ಅವನ ಎಣ್ಣೆಯ ವಾಸನೆ ಎದ್ದಿತು.

"ಈ ಸಾಲಿಗೂ ಹೊಡೆದಿದ್ದೀರಾ?"

ಅವನ ಕಿವಿಗಳು ಕೆಂಪಾದವು. "ಈ ಸಾಲಿನ ಮೊದಲನೇ ಹಣ್ಣಲ್ಲಿ ಹುಳ ಕಂಡಾಗ ನೀವು ಮರ ಹಿಡ್ಕೊಂಡು ನಿಂತಿದ್ರಿ. ಬಾಯಿ ನನ್ನನ್ನ ಬೈತಿತ್ತು, ಕಣ್ಣಲ್ಲಿ ನೀರಿತ್ತು. ನೋಡೋಕಾಗ್ಲಿಲ್ಲ."

"ಇಷ್ಟು ವರ್ಷದ ಕೆಲಸ! ಬುದ್ಧಿ ಇದೆಯೇನ್ರೀ ನಿಮಗೆ?"

"ಇತ್ತು. ಈ ತೋಟಕ್ಕೆ ಬರೋ ತನಕ."

ನಗು ಬಂತು. ತುಟಿ ಕಚ್ಚಿ ನುಂಗಿದೆ.

"ನನಗೆ ಯಾರ ಕನಿಕರಾನೂ ಬೇಡ. ಮುಂದಿನ ಫಸಲಿಗೆ ಮತ್ತೆ ಮಾಡಿ. ಈ ಸಾಲು ಕೊಳೆತು ಬೀಳಲಿ. ನೀವು ಹತ್ರ ಬರದ ಹಾಗೆ ನಾನೇ ಕಾಯ್ತೀನಿ. ಕೇಂದ್ರದಲ್ಲಿ ನಿಜ ಹೇಳಿ."

"ಪೂರ್ತಿ ನಿಜಾನಾ?"

"ಎಣ್ಣೆ ವಿಷಯ ಅವರಿಗೆ ಹೇಳಿ. ಉಳಿದದ್ದು ನನಗೆ ಹೇಳಿ."

ಹೇಳಿದ. ತಡವರಿಸುತ್ತ, ನೆಲ ನೋಡುತ್ತ, ಆದರೆ ಪೂರ್ತಿ ಹೇಳಿದ. ಕೇಳಿ ಮುಗಿಸಿ, "ಉತ್ತರ ಫಸಲು ಬಂದ ಮೇಲೆ" ಎಂದಷ್ಟೇ ಅಂದೆ.

ಕೇಂದ್ರದವರು ಬೈದರು, ಇನ್ನೊಂದು ಅವಕಾಶ ಕೊಟ್ಟರು. ನನ್ನ ಸಾಲು ಚೆನ್ನಾಗಿಯೇ ಕೊಳೆಯಿತು. "ಪ್ರೀತಿ ಅಂದ್ರೆ ಇಂಥಾ ನಾತ ಅಂತ ಗೊತ್ತಿರ್ಲಿಲ್ಲ ಕಣೇ" ಎಂದು ಅತ್ತಿಗೆ ಕಿಟಕಿ ಮುಚ್ಚಿದಳು. ಒಂದೊಂದು ಹಣ್ಣು ಬಿದ್ದಾಗಲೂ ಮರೆಯಲ್ಲಿ ಕಣ್ಣೊರೆಸಿಕೊಂಡೆ. ಅವನ ಮುಂದೆ ಮಾತ್ರ ಮುಖ ಬಾಡಲು ಬಿಡಲಿಲ್ಲ.

ಕೊಯ್ಲಿನ ದಿನ ಅಧಿಕಾರಿಗಳು, ಸುತ್ತಲಿನ ಬೆಳೆಗಾರರು ಎಲ್ಲ ಬಂದರು. ಎಣ್ಣೆ ಹೊಡೆದ ಸಾಲಿನ ಹಣ್ಣನ್ನು ಅವನು ಕೊಯ್ದ. ಒಳಗೆ ಬೆಳ್ಳಗೆ, ಶುದ್ಧ.

"ಹೊಡೀದೆ ಬಿಟ್ಟದ್ದು ಎಲ್ಲಿ?" ಎಂದರು ಅಧಿಕಾರಿ.

ಜನರನ್ನು ಸರಿಸಿ ಮುಂದೆ ಬಂದು ನನ್ನ ಹಣ್ಣು ಸೀಳಿದೆ. ಹುಳಗಳು ಅಂಗೈ ಮೇಲೆ ಉದುರಿದವು. ಒಳ್ಳೆ ಹಣ್ಣು ಹೊತ್ತು ಪೇಟೆಗೆ ಹೋದಾಗಲೂ ನಾನು ಅಷ್ಟು ಎದೆಯುಬ್ಬಿಸಿ ನಿಂತವಳಲ್ಲ.

"ಕಣ್ಣು ಬಿಟ್ಟು ನೋಡ್ಕೊಳ್ಳಿ! ಇವರ ಎಣ್ಣೆ ಬೀಳದಿದ್ರೆ ಹೀಗೆ."

"ಅವರ ಪರ ನಿಮಗ್ಯಾಕಮ್ಮಾ ಇಷ್ಟು ಜೋರು?" ಹಿಂದಿನಿಂದ ಯಾರೋ ಬೆಳೆಗಾರ ಛೇಡಿಸಿದ.

"ನಾನು ಮದುವೆ ಆಗೋ ಗಂಡು. ಜೋರು ಮಾಡ್ದೆ ಇರ್ತೀನಾ?"

ಎಲ್ಲರೂ ಅವನ ಕಡೆ ತಿರುಗಿದರು. ಅವನಿಗೂ ಉತ್ತರ ಸಿಕ್ಕಿದ್ದು ಆಗಲೇ. ಕೊಯ್ದ ಹಣ್ಣು ಹಿಡಿದು ನನ್ನನ್ನೇ ನೋಡುತ್ತ ನಿಂತುಬಿಟ್ಟ.

"ನನ್ನನ್ನ ಆಮೇಲೆ ನೋಡೀರಂತೆ, ಮೊದಲು ಹಣ್ಣು ತೋರಿಸ್ರೀ," ಎಂದು ಗದರಿದೆ.