ಎಡಕ್ಕೆ, ಇನ್ನೊಂಚೂರು ಎಡಕ್ಕೆ

ಗಡಿಯಾರ ರಿಪೇರಿಯವನಿಗೆ ಮಾವನ ಮೇಲಿದ್ದ ಸಿಟ್ಟು ಒಂದೇ: ಅವರು ಅಳಿಯನ ಮಾತನ್ನು ಯಾವತ್ತೂ ಪೂರ್ತಿ ಕೇಳಿಸಿಕೊಂಡವರಲ್ಲ. ಮೂವತ್ತು ವರ್ಷ ವಿಮಾನ ಹಾರಿಸಿ, ಈಗ ಪೈಲಟ್ ತರಬೇತಿ ಶಾಲೆ ನಡೆಸುತ್ತಿದ್ದ ಅವರು ಮದುವೆಯಾದ ಆರೇ ತಿಂಗಳಿಗೆ ಅವನ ಅಂಗಡಿಗೆ ಬೀಗ ಹಾಕಿಸಿ, ಅವನನ್ನೂ ಹಾರಾಟದ ಪಾಠಕ್ಕೆ ಕೂರಿಸಿದ್ದರು.

"ನನ್ನ ಕುರ್ಚಿ ಇನ್ಮೇಲೆ ನಿಮ್ಮದೇ, ಅಳಿಯಂದ್ರೆ."

"ನಂಗೆ ಹಾರೋದು ಬೇಡ ಮಾವ. ಗಡಿಯಾರಾನೇ ಸಾಕು."

"ಆಹಾ, ಎಂಥ ವಿನಯ!" ಎಂದು ಬೆನ್ನು ತಟ್ಟಿದ್ದರು.

ಬಿಡಿಸಿಕೊಳ್ಳುವ ದಾರಿಯನ್ನು ಮಾವನೇ ಬರೆದು ತರಗತಿಯ ಗೋಡೆಗೆ ಅಂಟಿಸಿದ್ದರು: 'ಮೊದಲ ಒಂಟಿ ಹಾರಾಟದಲ್ಲಿ ಕೈ ನಡುಗಿ ವಿಮಾನ ಕೆಡಿಸಿದವರು ಶಾಲೆ ಬಿಡತಕ್ಕದ್ದು.' ಅದನ್ನು ಓದಿದ ದಿನ ಅವನಿಗೆ ಊಟ ರುಚಿಸಿತು.

ಮೂರು ವಾರ ಅವನು ವಿಮಾನ ಕೆಡಿಸುವ ತಯಾರಿಯನ್ನು ಗಡಿಯಾರ ಬಿಚ್ಚಿದಷ್ಟೇ ಜೋಪಾನವಾಗಿ ಮಾಡಿದ. ಇದ್ದ ಮೂರು ವಿಮಾನಗಳಲ್ಲಿ ಹಳೆಯದನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದರು. ತಿಂಗಳ ಕೊನೆಗೆ ಅದು ಹೇಗೂ ಗುಜರಿಗೆ ಹೋಗುವುದಿತ್ತು. ಮನಸ್ಸಾಕ್ಷಿಗೆ ಅಷ್ಟು ಸಮಾಧಾನ ಸಾಕಾಯಿತು. ಸಂಜೆಯ ವಾಕಿಂಗ್ ನೆಪದಲ್ಲಿ ರನ್‌ವೇಯ ಅಂಚು ಅಳೆದ. ಎಡಗಡೆ, ಎರಡನೇ ಬಿಳಿ ಪಟ್ಟೆ ದಾಟಿದ ಮೇಲೆ ಮೆತ್ತನೆಯ ಹುಲ್ಲು, ಕಲ್ಲಿಲ್ಲ, ಗುಂಡಿಯಿಲ್ಲ. ಸೈಕಲ್ಲಿನ ವೇಗಕ್ಕೆ ಇಳಿದ ಮೇಲೆ ಅಲ್ಲಿಗೆ ತಿರುಗಿಸಿದರೆ ಮುಂದಿನ ಚಕ್ರ ಹೂತು, ರೆಕ್ಕೆಗೆ ಏನೂ ಆಗದೆ ಮೂಗು ಮಾತ್ರ ನಜ್ಜುಗುಜ್ಜಾಗುತ್ತದೆ. ಕನ್ನಡಿಯ ಮುಂದೆ ನಿಂತು ಕೈ ನಡುಗಿಸುವುದನ್ನೂ ಕಲಿತ. "ಜ್ವರ ಏನಾದ್ರೂ ಬಂತೇನ್ರೀ?" ಎಂದಳು ಹೆಂಡತಿ. ಅಭ್ಯಾಸ ಕೈಗೂಡಿದೆ ಎಂದು ಖುಷಿಯಾಯಿತು.

ಆ ಬೆಳಿಗ್ಗೆ ಗಾಳಿ ಎಲೆಯನ್ನೂ ಅಲುಗಿಸುತ್ತಿರಲಿಲ್ಲ. ಒಂದು ಸುತ್ತು ಹಾರಿ, ರೇಡಿಯೋದಲ್ಲಿ ಟವರಿಗೆ ಹೇಳಿ, ಹೂವಿನ ಮೇಲೆ ಚಿಟ್ಟೆ ಕೂತಂತೆ ಅಜ್ಜಿಯನ್ನು ನೆಲಕ್ಕಿಳಿಸಿದ. ಒಂದನೇ ಪಟ್ಟೆ ಹೋಯಿತು. ಎರಡನೆಯದೂ ಹೋಯಿತು.

"ಶಭಾಷ್ ಮಗನೇ," ಎಂದ ತನಗೆ ತಾನೇ. "ಈಗ ಎಡಕ್ಕೆ... ಇನ್ನೊಂಚೂರು ಎಡಕ್ಕೆ... ಹಾಂ, ಅಲ್ಲೇ ಮೂಗು ಊರು ಅಜ್ಜಿ. ಮಾವ, ನಿಮ್ಮ ಕುರ್ಚಿ ನಿಮಗೇ ಇರ್ಲಿ!"

ಚಕ್ರ ಹೂತಿತು, ಮೂಗಿನ ಫ್ಯಾನು ಬಾಗಿತು, ಧೂಳೆದ್ದಿತು. ಅವನಿಗೆ ಒಂದು ಗೀರೂ ಇಲ್ಲ.

ಮಾವ ಒಂದೇ ಕಾಲಿನ ಬೂಟಿನಲ್ಲಿ ಓಡಿಬಂದು ತಬ್ಬಿಕೊಂಡರು. "ತಗಡು ಹೋದ್ರೆ ಹೋಗ್ಲಿ, ನೀವು ಚೆನ್ನಾಗಿದೀರಲ್ಲ!" ಅವರ ಕಣ್ಣಲ್ಲಿ ನೀರಿತ್ತು. ಅವನು ಅವರ ಮುಖ ನೋಡಲಾಗದೆ ಹುಲ್ಲಿನ ಕಡೆ ತಿರುಗಿದ. ಆದರೂ ಕೈ ನಡುಗಿಸುವುದನ್ನು ಮರೆಯಲಿಲ್ಲ.

ಆಫೀಸಿನಲ್ಲಿ ಹೇಳಿಕೆ ಬರೆದುಕೊಟ್ಟ: 'ನೆಲ ಹತ್ತಿರ ಬಂದಂತೆ ಕಣ್ಣಿಗೆ ಕತ್ತಲೆ ಕವಿಯಿತು. ಕೈಕಾಲು ನಡುಗಿದವು. ಬಾಯಿಂದ ಒಂದು ಮಾತೂ ಹೊರಡಲಿಲ್ಲ.' ಕೆಳಗೆ ಅಂದವಾಗಿ ಸಹಿ ಮಾಡಿದ.

ಮಾವ ಎರಡು ಸಲ ಓದಿದರು. "ಒಂದು ಮಾತೂ?"

"ಒಂದೂ ಇಲ್ಲ ಮಾವ."

ಮಾವ ತಲೆಯಾಡಿಸಿ, ಟವರಿನಲ್ಲಿ ಕೂರುವ ಹೆಂಗಸನ್ನು ಒಳಗೆ ಕರೆದರು. ಆಕೆ ತುಟಿ ಕಚ್ಚಿ ನಗು ತಡೆಯುತ್ತ ರೆಕಾರ್ಡರಿನ ಗುಂಡಿ ಒತ್ತಿದಳು. "...ಇನ್ನೊಂಚೂರು ಎಡಕ್ಕೆ... ಹಾಂ, ಅಲ್ಲೇ ಮೂಗು ಊರು ಅಜ್ಜಿ..." ಕುರ್ಚಿಯ ಮಾತು ಬರುವಷ್ಟರಲ್ಲಿ ಅಳಿಯನ ಕೈ ನಿಜವಾಗಿಯೂ ನಡುಗತೊಡಗಿತ್ತು. "ನಿಯಮ ಇರೋದು ಕೈ ನಡುಗಿದವರಿಗೆ," ಎಂದರು ಮಾವ, ನಗು ತಡೆಯಲಾಗದೆ. "ಇಷ್ಟು ನಾಜೂಕಾಗಿ ಕೆಡವೋ ಕೈ ನಮ್ಮ ಶಾಲೇಲಿ ಇನ್ನೊಂದಿಲ್ಲ. ಅಜ್ಜಿ ಮೂಗನ್ನ ನೀವೇ ರಿಪೇರಿ ಮಾಡಿ, ನಾಳೆ ಆರು ಗಂಟೆಗೆ ಇನ್ನೊಂದು ವಿಮಾನದಲ್ಲಿ ಎರಡನೇ ಹಾರಾಟ." ಇಳಿಯುತ್ತಿದ್ದೇನೆ ಎಂದು ಟವರಿಗೆ ಹೇಳಲು ಒತ್ತಿದ ರೇಡಿಯೋ ಗುಂಡಿಯ ಮೇಲಿಂದ, ಅಜ್ಜಿ ಹುಲ್ಲಿಗೆ ನುಗ್ಗುವವರೆಗೂ ಅವನು ಹೆಬ್ಬೆರಳನ್ನು ಎತ್ತಿಯೇ ಇರಲಿಲ್ಲ.