ಹತ್ತೂವರೆ ಗಂಟೆಯ ದೂರ

"ಬಾಂಬ್ ಇಟ್ಟೋನು ಹೋಗಿ ಬನ್ನಿ ಅಂತಾನಾ?"

ಇನ್‌ಸ್ಪೆಕ್ಟರ್ ಯಾರನ್ನೂ ಕೇಳಿದ್ದಲ್ಲ. ಕರೆಯ ಧ್ವನಿಮುದ್ರಣವನ್ನು ಮತ್ತೊಮ್ಮೆ ಆಲಿಸಿ, ಠಾಣೆಯ ಗೋಡೆಗೆ ಹೇಳಿದ್ದು.

ಮಂಗಳವಾರ ಬೆಳಿಗ್ಗೆ ವಿಮಾನ ನಿಲ್ದಾಣದ ಭದ್ರತಾ ಅಧಿಕಾರಿ ಖುದ್ದಾಗಿ ಬಂದು ದೂರು ಕೊಟ್ಟಿದ್ದರು. ಹಿಂದಿನ ಮಧ್ಯಾಹ್ನ, ಸಾಗರದಾಚೆಯ ನಗರವೊಂದಕ್ಕೆ ಹೊರಡಬೇಕಿದ್ದ ವಿಮಾನದಲ್ಲಿ ಬಾಂಬ್ ಇದೆಯೆಂದು ಯಾರೋ ಒಬ್ಬ ಫೋನ್ ಮಾಡಿದ್ದ. ಪ್ರಯಾಣಿಕರನ್ನು ಇಳಿಸಿ ಒಂದೊಂದು ಪೆಟ್ಟಿಗೆಯನ್ನೂ ಜಾಲಾಡಿದರು, ಏನೂ ಸಿಗಲಿಲ್ಲ. ವಿಮಾನ ನಾಲ್ಕು ಗಂಟೆ ತಡವಾಯಿತು. ಎಫ್‌ಐಆರ್ ದಾಖಲಾಯಿತು. ಕರೆ ಬಂದದ್ದು ಬಸ್ ನಿಲ್ದಾಣದ ನಾಣ್ಯದ ಫೋನಿನಿಂದ. ಅಲ್ಲಿ ಪಂಚನಾಮೆ ಮುಗಿಸಿದ ಹೆಡ್ ಕಾನ್‌ಸ್ಟೇಬಲ್ ಬರಿಗೈಯಲ್ಲಿ ಮರಳಿದರು.

ಉಳಿದದ್ದು ಆ ದನಿಯೊಂದೇ. ಬೆದರಿಕೆ ಮುಗಿಸಿದವನು, "ಸುಖವಾಗಿ ಹೋಗಿ ಬನ್ನಿ" ಎಂದು ಫೋನ್ ಇಟ್ಟಿದ್ದ. ಅಜ್ಜನ ಪಕ್ಕ ಕೂತು ಪದ್ಯ ಕೇಳುತ್ತ ಬೆಳೆದ ಇನ್‌ಸ್ಪೆಕ್ಟರಿಗೆ, ಸಾವಿರ ಸಲ ಹೇಳಿದ ಸಾಲು ನಾಲಿಗೆಗೆ ಹೇಗೆ ಅಂಟಿಕೊಳ್ಳುತ್ತದೆಂದು ಗೊತ್ತಿತ್ತು.

"ಇದು ಬಾಯಿಪಾಠ ಕಣ್ರೀ. ಟಿಕೆಟ್ ಮಾರೋರ ಮಾತು."

ಹೆಡ್ ಕಾನ್‌ಸ್ಟೇಬಲ್ ಗಿರಾಕಿಯ ಸೋಗಿನಲ್ಲಿ ಟ್ರಾವೆಲ್ ಏಜೆನ್ಸಿಗಳಿಗೆ ಸ್ಪೀಕರ್ ಹಾಕಿ ಫೋನ್ ಹಚ್ಚಿದರು. ಆ ನಗರ ಎಷ್ಟು ದೂರ, ಎಷ್ಟು ಹೊತ್ತಿನ ಪ್ರಯಾಣ? ಇಷ್ಟೆಲ್ಲ ವಿಚಾರಿಸಿ ಕರ್ಕೊಂಡು ಹೋಗ್ಲಿಲ್ಲ ಅಂದ್ರೆ ಮನೆಯವಳು ಒಳಗೆ ಸೇರಿಸಲ್ಲ ಸಾರ್, ಎಂದು ನಡುವೆ ಗೊಣಗಿದರು. ಐದನೆಯ ಕಡೆ ಇನ್‌ಸ್ಪೆಕ್ಟರ್ ಕಣ್ಣು ಮುಚ್ಚಿದರು. ಅದೇ ದನಿ.

"ಏಳು ಸಾವಿರದ ಒಂಬೈನೂರು ಕಿಲೋಮೀಟರ್. ನೇರ ವಿಮಾನಕ್ಕೆ ಹತ್ತೂವರೆ ಗಂಟೆ." ಆಮೇಲೆ ಅದೇ ಸಾಲು. "ಸುಖವಾಗಿ ಹೋಗಿ ಬನ್ನಿ."

ಸಂಜೆ ಐದಕ್ಕೆ ಬಂಧನ. ಆ ಏಜೆನ್ಸಿಯ ಗುಮಾಸ್ತ ಬೀಗದ ಕೈಯನ್ನು ಮಾಲೀಕನಿಗೊಪ್ಪಿಸಿ ತಾನೇ ಜೀಪು ಹತ್ತಿದ. ಏನನ್ನೂ ಮುಚ್ಚಿಡಲಿಲ್ಲ. ವಿಚ್ಛೇದನದ ನಂತರ ಮಗಳು ತಾಯಿಯ ಪಾಲಾಗಿದ್ದಳು. ತಾಯಿಗೆ ಆ ನಗರದಲ್ಲಿ ಕೆಲಸ ಸಿಕ್ಕಿತ್ತು. ಇಬ್ಬರ ಟಿಕೆಟನ್ನೂ ಕಾದಿರಿಸಿಕೊಟ್ಟವನು ಇವನೇ. ಅವರು ಹೊರಡಬೇಕಿದ್ದ ಈ ಶುಕ್ರವಾರ ಬೀಳ್ಕೊಡಲು ಬರುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದ. ಸೋಮವಾರ ಕಂಪ್ಯೂಟರ್ ತೆರೆದರೆ ತಾಯಿ ಪ್ರಯಾಣವನ್ನು ಅಂದಿಗೇ ಬದಲಿಸಿಕೊಂಡದ್ದು ಕಂಡಿತು. ವಿಮಾನ ಹೊರಡಲು ಒಂದು ಗಂಟೆಯಿತ್ತು. ವಿಮಾನ ನಿಲ್ದಾಣಕ್ಕೆ ಎರಡು ಗಂಟೆಯ ದಾರಿ.

"ಸಿಕ್ಕಿದ್ಲಾ ಮಗಳು?"

"ಗಾಜಿನಾಚೆ ಸಾರ್. ಎಲ್ರನ್ನೂ ಇಳಿಸಿ ಅಲ್ಲೇ ಕೂರಿಸಿದ್ರಲ್ಲ. ಗಾಜಿಗೆ ಹಣೆ ಒತ್ತಿ ನಿಂತ್ಲು. ಈ ಕಡೆಯಿಂದ ನಾನೂ ಒತ್ತಿದೆ."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡರು. ಮಾಡಿದ್ದಕ್ಕೆ ಪಶ್ಚಾತ್ತಾಪವಿದೆ ಎಂದು ಹೇಳಿಕೆಯಲ್ಲಿ ಒಂದು ಸಾಲು ಸೇರಿಸಿದರೆ ಶಿಕ್ಷೆ ಕಡಿಮೆಯಾಗಬಹುದೆಂದರು.

"ಹೂಂ ಅನ್ನಿ, ಸಾಕು."

"ಅಷ್ಟು ಜನರನ್ನ ಹೆದರಿಸಿದ್ದಕ್ಕೆ ಎಲ್ಲರ ಕಾಲು ಹಿಡೀತೀನಿ ಸಾರ್. ಆದ್ರೆ ಅಪ್ಪ ಬಂದಿದ್ದ ಅನ್ನೋದೊಂದನ್ನ ಅವಳು ಅಷ್ಟು ದೂರ ಹೊತ್ಕೊಂಡು ಹೋಗಿದಾಳೆ. ಅದನ್ನ ಮಾಡಬಾರದಿತ್ತು ಅಂತ ನಾನಿಲ್ಲಿ ಬರೆಸೋದಾ?" ಅವನು ಅಡ್ಡಡ್ಡ ತಲೆಯಾಡಿಸಿದ. "ಆಗಲ್ಲ. ಬರೀಬೇಡಿ."