ಬಲಗೈ ಕಡೆಯ ಬೇಲಿ

ಎರಡು ಜಮೀನುಗಳ ನಡುವಿನ ಬೇಲಿಯ ನಡುಗಂಬದ ಹತ್ತಿರ ಥೀಯಾ ಹಾಲ್ವರ್ಸನ್ ಪಿಕಪ್ ನಿಲ್ಲಿಸಿದ ರಭಸಕ್ಕೆ ಧೂಳೆದ್ದಿತು. ಬೇಲಿಯಾಚೆ ಪಕ್ಕದ ಜಮೀನಿನ ವೆಂಡೆಲ್ ನೈಗಾರ್ಡ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ, ಸಾವಿನ ಮನೆಗೆ ಬಂದವನ ಹಾಗೆ. ಅದನ್ನು ಕಂಡು ಅವಳ ಸಿಟ್ಟು ನೆತ್ತಿಗೇರಿತು.

"ನೋಡಿದ್ಯಾ?" ಫೋನನ್ನು ಮುಳ್ಳುತಂತಿಯ ಮೇಲಿಂದ ಅವನ ಮೂಗಿಗೇ ಹಿಡಿದಳು.

ಫೋನಿನಲ್ಲಿ ವಾಲಿದ ಕಂಬ, ನೆಲಕ್ಕೆ ಬಿದ್ದ ತಂತಿ, ಹೆದ್ದಾರಿಯ ನಟ್ಟನಡುವೆ ಅವಳ ದನಗಳು. ಕೆಳಗೆ ದಪ್ಪಕ್ಷರದಲ್ಲಿ: 'ತನ್ನ ಬೇಲಿಯನ್ನೇ ಕಾಯಲಾಗದವಳು ನಿಮ್ಮನ್ನು ಕಾಯುತ್ತಾಳೆಯೇ?' ಅವಳು ನಿಂತಿದ್ದ ವಾಷಿಂಗ್ಟನ್ ಸದನದ ಚುನಾವಣೆಗೆ ಇನ್ನು ಮೂರೇ ದಿನ. ಎದುರಾಳಿ, ವಕೀಲ ಡಲ್ಟನ್, ಬೆಳಗಾಗುವಷ್ಟರಲ್ಲಿ ಇದನ್ನು ಪೂರ್ವ ಮೊಂಟಾನಾದ ಮನೆಮನೆಗೂ ಮುಟ್ಟಿಸಿದ್ದ.

"ನೋಡ್ದೆ," ಎಂದ ವೆಂಡೆಲ್.

"ಬಿದ್ದಿರೋದು ಯಾರ ಪಾಲು?"

"ನಂದು."

ಇಬ್ಬರ ಅಜ್ಜಂದಿರು ಮಾಡಿದ ಕಟ್ಟುಪಾಡು ಅದು. ನಡುಗಂಬದ ಹತ್ತಿರ ಎದುರುಬದುರು ನಿಂತರೆ, ಅವರವರ ಬಲಗೈ ಕಡೆಯ ಬೇಲಿ ಅವರವರೇ ಕಟ್ಟಿ ಕಾಯಬೇಕಾದ ಪಾಲು. ತನ್ನ ಪಾಲು ಬೀಳಬಿಟ್ಟವನಿಗೆ ಈ ಸೀಮೆಯಲ್ಲಿ ಯಾರೂ ಕಾಫಿ ಕೂಡ ಕೊಡುವುದಿಲ್ಲ.

"ಒಂದು ಮೊಳೆ ಸಡಿಲ ಬಿಟ್ಟೋನಲ್ಲ ನೀನು. ಈ ವರ್ಷಾನೇ ಯಾಕೆ? ಡಲ್ಟನ್ ಕಡೆ ಸೇರ್ಕೊಂಡ್ಯಾ?"

ಅವನು ತಲೆಯೆತ್ತಿ ನೋಡಿದ. ಮೇ ತಿಂಗಳಲ್ಲಿ ಕರುಗಳಿಗೆ ಮುದ್ರೆ ಹಾಕುವ ದಿನ, ಒಂದೇ ಹಗ್ಗದ ಮೇಲೆ ಇಬ್ಬರ ಕೈ ತಾಗಿದಾಗಲೂ ಹೀಗೇ ನೋಡಿದ್ದ. ಆಮೇಲೆ ಆ ಕಣ್ಣುಗಳನ್ನು ಅವಳು ಜಾಣತನದಿಂದ ತಪ್ಪಿಸಿಕೊಂಡೇ ಓಡಾಡಿದ್ದಳು.

"ಸೇರಿಲ್ಲ."

"ಮತ್ತೆ? ಬಾಯಿಬಿಟ್ಟು ಹೇಳೋ ಮಾರಾಯ!"

ವೆಂಡೆಲ್ ಟೊಪ್ಪಿಯನ್ನು ಒಂದು ಸುತ್ತು ತಿರುಗಿಸಿದ. ಅವನ ಮುಂಗೈ ತುಂಬ ಹಸಿ ಗೀರುಗಳು. ಬೇಲಿ ಕೈಬಿಟ್ಟವನ ಮೈಮೇಲೆ ಮುಳ್ಳುತಂತಿಯ ಗೀರೇಕೆ? ಕೇಳಬೇಕೆನಿಸಿತು. ಸಿಟ್ಟು ಕೇಳಗೊಡಲಿಲ್ಲ.

"ತಪ್ಪು ನಂದು, ಥೀಯಾ," ಎಂದನಷ್ಟೇ.

"ಇಟ್ಕೋ ನಿನ್ನ ತಪ್ಪನ್ನ. ನಿನ್ನ ಓಟೂ ಬೇಡ ನಂಗೆ."

ಅವನ ಗೇಟು ಕಣ್ಮರೆಯಾದ ಮೇಲೆ ಗಾಡಿ ನಿಲ್ಲಿಸಿ ಅತ್ತಳು. ಬೇರೆ ಯಾರ ಬೇಲಿ ಬಿದ್ದಿದ್ದರೂ ಬೈದು ಸುಮ್ಮನಾಗುತ್ತಿದ್ದಳು. ವೆಂಡೆಲ್ ಹೀಗೆ ಮಾಡಿದನಲ್ಲ ಎಂಬುದೇ ಅವಳಿಗೆ ತಡೆಯಲಾಗಲಿಲ್ಲ.

ಅಂದು ಸಂಜೆ ಶಾಲೆಯ ಆಟದ ಹಾಲ್‌ನಲ್ಲಿ ಅಭ್ಯರ್ಥಿಗಳಿಬ್ಬರ ಕೊನೆಯ ಚರ್ಚೆ. ಮೆಟ್ಟಿಲ ಬಳಿ ಅವಳ ಪ್ರಚಾರ ನೋಡಿಕೊಳ್ಳುವ ಪ್ರೆಸ್ಟನ್ ಅಡ್ಡ ನಿಂತ. ನಗರದ ಹುಡುಗ, ಬೂಟಿಗೆ ಇನ್ನೂ ಸಗಣಿ ತಾಗಿರಲಿಲ್ಲ.

"ಪಕ್ಕದವನ ಹೆಸರು ಹೇಳ್ಬಿಡಿ ಮೇಡಂ. ಒಂದೇ ಮಾತು, ಗೆದ್ದಂಗೆ."

"ಹೇಳಿದ್ರೆ ನಾಳೆಯಿಂದ ಅವನು ದನದ ಹರಾಜಿನಲ್ಲಿ ಹೇಗಪ್ಪಾ ತಲೆಯೆತ್ತಿ ಓಡಾಡ್ತಾನೆ?"

"ನೀವು ಸೋಲ್ತೀರಿ!"

"ಗೊತ್ತು," ಎಂದು ಅವನನ್ನು ದಾಟಿ ಒಳಗೆ ಹೋದಳು.

ಡಲ್ಟನ್ ಅದೇ ಫೋಟೋವನ್ನು ಬಾಗಿಲಷ್ಟು ದೊಡ್ಡದು ಮಾಡಿಸಿ ತಂದಿದ್ದ. "ಈ ಬೇಲಿ ಯಾರದು ಮಿಸ್ ಹಾಲ್ವರ್ಸನ್? ಜನಕ್ಕೆ ತಿಳೀಲಿ."

ಮುನ್ನೂರು ಜನ. ಮುಂದಿನ ಸಾಲಿನಲ್ಲಿ ಪ್ರೆಸ್ಟನ್ 'ಹೇಳಿ, ಹೇಳಿ' ಎಂದು ಕಣ್ಣಲ್ಲೇ ಗೋಗರೆಯುತ್ತಿದ್ದ.

"ದನ ನಂದು. ಅದಕ್ಕೆ ಜವಾಬು ಕೊಡೋಳು ನಾನೇ."

ಹಾಲ್‌ನಲ್ಲಿ ಗುಸುಗುಸು ಎದ್ದಿತು. ಮೂವರು ಹಿರಿಯ ರೈತರು ಅವಳಿಂದ ಮುಖ ತಿರುಗಿಸಿದರು. ಮುಗಿಯಿತು, ಎಂದುಕೊಂಡಳು.

ಆಗ ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಕಿರ್ರೆಂದಿತು. ವೆಂಡೆಲ್ ಎದ್ದು ನಿಂತಿದ್ದ. ಶಾಲೆಯ ಕ್ರಿಸ್‌ಮಸ್ ನಾಟಕದಲ್ಲಿ ಮಾತಿಲ್ಲದ ಕುರುಬನ ಪಾತ್ರವನ್ನೇ ಚಿಕ್ಕಂದಿನಲ್ಲಿ ಬೇಡಿ ಪಡೆಯುತ್ತಿದ್ದ ವೆಂಡೆಲ್!

"ಬಿದ್ದಿರೋ ಪಾಲು ನಂದು," ಎಂದ.

ಡಲ್ಟನ್ ನಕ್ಕ. "ಓಹೋ, ನೆರೆಯವರ ಉಪಕಾರ! ಸರಿ, ಬೀಳೋವರೆಗೂ ಏನ್ರೀ ಮಾಡ್ತಿದ್ರಿ?"

"ಪುರುಸೊತ್ತಾಗ್ಲಿಲ್ಲ. ಅವಳ ಪಾಲು ಕಟ್ತಾ ಇದ್ದೆ."

ಥೀಯಾ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಗೀರುಗಳು!

ಡಲ್ಟನ್ ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ವಕೀಲನ ಬಾಯಿ, ಕೇಳಬೇಕೆ? "ಅವರ ಪಾಲನ್ನ ನೀವ್ಯಾಕೆ ಕಟ್ಬೇಕು?"

ವೆಂಡೆಲ್‌ನ ಕಿವಿಗಳು ಕೆಂಪಾದವು. ಅವನು ಡಲ್ಟನ್ ಕಡೆ ನೋಡಲಿಲ್ಲ. ಅಷ್ಟು ಜನರ ತಲೆಗಳ ಮೇಲಿಂದ ಅವಳನ್ನೇ ನೋಡಿದ. ಈ ಸಲ ಅವಳು ಕಣ್ಣು ತಪ್ಪಿಸಲಿಲ್ಲ.

"ಜೂನ್‌ನಿಂದ ಊರೂರು ಸುತ್ತುತಾ ಇದಾಳೆ. ಮನೆಗೆ ಬಂದ್ರೆ ದನ ಎಣಿಸದೆ ನಿದ್ದೆ ಮಾಡಲ್ಲ, ಗೊತ್ತು ನಂಗೆ. ಒಂದಿನ ನಿಶ್ಚಿಂತೆಯಿಂದ ಮಲಗ್ಲಿ ಅಂತ ಅವಳ ಕಡೆ ಪೂರ್ತಿ ಹೊಸ ತಂತಿ ಎಳೆದೆ. ನನ್ನ ಕಡೆ ನೋಡೋಕೆ ಆಗ್ಲಿಲ್ಲ." ಟೊಪ್ಪಿಯನ್ನು ಇನ್ನೊಂದು ಕೈಗೆ ಬದಲಿಸಿದ. "ಇಪ್ಪತ್ತು ವರ್ಷದಿಂದ ಪ್ರೀತಿಸ್ತೀನಿ. ಬೇರೆ ಥರ ಹೇಳೋಕೆ ಬರ್ಲಿಲ್ಲ. ಗೆದ್ರೆ ವಾಷಿಂಗ್ಟನ್‌ಗೆ ಹೋಗ್ಬಿಡ್ತಾಳೆ, ಅದೂ ಗೊತ್ತು. ಆದ್ರೂ ನನ್ನ ಓಟು ಅವಳಿಗೇ. ಬೇಡ ಅಂದ್ರೂ."

ಕೂತುಬಿಟ್ಟ. ಚರ್ಚೆ ನಡೆಸುತ್ತಿದ್ದ ಲೈಬ್ರರಿಯ ಮಿಸೆಸ್ ಓಡೆಗಾರ್ಡ್ ಕನ್ನಡಕ ಒರೆಸಿಕೊಂಡರು. "ಮಿಸ್ ಹಾಲ್ವರ್ಸನ್, ಪ್ರತಿವಾದಕ್ಕೆ ನಿಮಗೆ ಮೂವತ್ತು ಸೆಕೆಂಡು."

ಮೈಕಿನ ಮುಂದೆ ಐದು ತಿಂಗಳು ಅರಳು ಹುರಿದಂತೆ ಮಾತಾಡಿದವಳು ಬರೆದು ತಂದಿದ್ದ ಚೀಟಿಯನ್ನು ಮಡಚಿಟ್ಟಳು.

"ಪ್ರತಿವಾದ ಇಲ್ಲ," ಎಂದಳು. ಹಾಲ್ ಇಡೀ ನಕ್ಕಿತು; ಮುಖ ತಿರುಗಿಸಿದ್ದ ಆ ಮೂವರೂ ನಕ್ಕರು. ಅವಳು ಹಿಂದಿನ ಸಾಲಿನ ಕಡೆ ತಿರುಗಿದಳು. "ವೆಂಡೆಲ್, ನಾಳೆ ಬೆಳಿಗ್ಗೆ ಆರಕ್ಕೆ ನಡುಗಂಬದ ಹತ್ರ ಬಾ. ಸೋತ್ರೂ ಸರಿ, ಗೆದ್ರೂ ಸರಿ, ಇನ್ಮೇಲೆ ನಿನ್ನ ಪಾಲು ನಾನು ಕಟ್ತೀನಿ."

ಅವನು ಮತ್ತೆ ಎದ್ದು ನಿಂತ. ಟೊಪ್ಪಿಯನ್ನು ಎದೆಗೆ ಒತ್ತಿಕೊಂಡಿದ್ದ.

"ಕೈಗವಸು ಹಾಕ್ಕೊಂಡು ಬಾ," ಎಂದ. "ತಂತಿ ಗೀರುತ್ತೆ."